ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ

ಸರ್ಕ್ಯೂಟ್ (ಇಳಿಯಲು ರನ್‌ವೇ ಪಕ್ಕ ಹಾರುವ ಆಯತಾಕಾರದ ದಾರಿ) ಹಾರುವಾಗ ನನ್ನ ಪೈಲಟ್ ವಿದ್ಯಾರ್ಥಿಗಳಿಗೆ ಡೌನ್‌ವಿಂಡ್‌ನಲ್ಲೇ, ಅಂದರೆ ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧ ಹಾರುವಾಗಲೇ, ಒಂದು ಪ್ರಶ್ನೆ ಕೇಳುತ್ತೇನೆ: "ಗಾಳಿ ಈಗ ನಿಮ್ಮನ್ನು ಯಾವ ಕಡೆ ತಳ್ತಾ ಇದೆ?" ಉತ್ತರ ಬರುವವರೆಗೆ ಬಿಡುವುದಿಲ್ಲ. ಮುಂದಿನ ಎರಡು ತಿರುವುಗಳು (ಮೊದಲು ರನ್‌ವೇಯ ನೇರದ ಕಡೆಗೆ ಅಡ್ಡಲಾಗಿ ಹೋಗುವ ಬೇಸ್‌ಗೆ, ಆಮೇಲೆ ರನ್‌ವೇಗೆ ನೇರವಾಗಿ ಇಳಿಯುವ ಫೈನಲ್‌ಗೆ) ಹೇಗೆ ಬರುತ್ತವೆ ಅನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಗಾಳಿ ರನ್‌ವೇ ಕಡೆಗೆ ತಳ್ಳುತ್ತಿದ್ದರೆ, ಬೇಸ್‌ಗೆ ತಿರುಗಿದ ಕೂಡಲೇ ಅದೇ ಗಾಳಿ ಬೆನ್ನಿಗೆ ಬರುತ್ತದೆ. ಏರ್‌ಸ್ಪೀಡ್ (ಸುತ್ತಲಿನ ಗಾಳಿಗೆ ಹೋಲಿಸಿದ ವೇಗ) ಅಷ್ಟೇ ಇರುತ್ತದೆ, ಆದರೆ ನೆಲದ ಮೇಲೆ ಸಾಗುವ ವೇಗ ಜಾಸ್ತಿಯಾಗುತ್ತದೆ, ತಿರುವು ಅಗಲವಾಗುತ್ತದೆ. ಎಂದಿನ ಜಾಗದಲ್ಲೇ ತಿರುಗಿದರೆ ರನ್‌ವೇಯ ನೇರ ದಾಟಿ ಆಚೆ ಹೋಗುತ್ತೀರಿ. ಇಂಥ ದಿನ ಡೌನ್‌ವಿಂಡ್‌ನಲ್ಲಿ ಮೂತಿಯನ್ನು ಸ್ವಲ್ಪ ಗಾಳಿಯ ಕಡೆ ಇಟ್ಟು ರನ್‌ವೇಯಿಂದ ಸರಿಯಾದ ದೂರ ಉಳಿಸಿಕೊಳ್ಳಿ. ಫೈನಲ್ ತಿರುವನ್ನು ಬೇಗ ಶುರು ಮಾಡಿ.

ತಡವಾದರೆ ಏನಾಗುತ್ತದೆ ನೋಡಿ. ಎಲ್ಲ ತಿರುವೂ ಎಡಕ್ಕಿರುವ ಎಡ ಸರ್ಕ್ಯೂಟ್ ಅಂದುಕೊಳ್ಳೋಣ. ರನ್‌ವೇ ಎಡಕ್ಕೆ ಜಾರುತ್ತಿದೆ. ನೆಲ ಹತ್ತಿರ ಇದೆ, ಬ್ಯಾಂಕ್ (ರೆಕ್ಕೆಗಳ ವಾಲಿಕೆ) ಹೆಚ್ಚಿಸಲು ಭಯ. ಮೂತಿಯನ್ನಾದರೂ ಒಳಗೆ ತರೋಣ ಅಂತ ಕಾಲು ತಾನಾಗಿಯೇ ಎಡ ರಡ್ಡರ್ (ಮೂತಿಯನ್ನು ಎಡ-ಬಲ ತಿರುಗಿಸುವ ಪೆಡಲ್) ಒತ್ತುತ್ತದೆ. ಹೊರಗಿನ ರೆಕ್ಕೆ ಜೋರಾಗಿ ಸಾಗಿ ಮೇಲೇಳುತ್ತದೆ. ಅದನ್ನು ತಡೆಯಲು ಕೈ ಯೋಕನ್ನು (ವಿಮಾನದ ಸ್ಟೀರಿಂಗ್) ಬಲಕ್ಕೆ ತಿರುಗಿಸುತ್ತದೆ. ಮೂತಿ ಇಳಿಯುತ್ತದೆ, ನೀವು ಹಿಂದಕ್ಕೆ ಎಳೆಯುತ್ತೀರಿ. ಮೂರೂ ಸೇರಿದಾಗ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ವಿಮಾನ ಆ ಕಡೆಗೇ ಮಗುಚಿ ಸ್ಪಿನ್‌ಗೆ ಹೋಗುತ್ತದೆ, ಗಿರಗಿರ ಸುತ್ತುತ್ತಾ ಬೀಳುತ್ತದೆ. ಸುಮಾರು 500 ಅಡಿಯಲ್ಲಿ ಅದರಿಂದ ಹೊರಬರಲು ಎತ್ತರ ಸಾಲುವುದಿಲ್ಲ.

ಲೆಕ್ಕ ಹಾಕಿ. ನೇರ ಹಾರಾಟದಲ್ಲಿ 50 ನಾಟ್‌ಗೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 30 ಡಿಗ್ರಿ ಬ್ಯಾಂಕ್‌ನಲ್ಲಿ ತಿರುಗಿದರೆ ಸುಮಾರು 54ಕ್ಕೆ ಸ್ಟಾಲ್ ಆಗುತ್ತದೆ. 45 ಡಿಗ್ರಿಯಲ್ಲಿ 59, 60 ಡಿಗ್ರಿಯಲ್ಲಿ 71. ಸಾಮಾನ್ಯವಾಗಿ ನಾವು ಸ್ಟಾಲ್ ವೇಗದ 1.3 ಪಟ್ಟಿನಲ್ಲಿ ಇಳಿಯುತ್ತೇವೆ, ಅಂದರೆ ಇಲ್ಲಿ 65. ಬ್ಯಾಂಕ್ 30 ಡಿಗ್ರಿ ಇದ್ದಾಗ ಕೈಯಲ್ಲಿ 11 ನಾಟ್ ಉಳಿದಿರುತ್ತದೆ. 60 ಡಿಗ್ರಿಯಲ್ಲಿ ಏನೂ ಉಳಿಯುವುದಿಲ್ಲ, ಅಲ್ವಾ? ಅದಕ್ಕೇ ಸರ್ಕ್ಯೂಟ್‌ನಲ್ಲಿ 30 ಡಿಗ್ರಿ ದಾಟಲು ನಾನು ಯಾರನ್ನೂ ಬಿಡುವುದಿಲ್ಲ.

ತಿರುವಿನಲ್ಲಿ ಮೊದಲು ಹೊರಗೆ ನೋಡಿ, ಆಮೇಲೆ ಏರ್‌ಸ್ಪೀಡ್, ಆಮೇಲೆ ಬಾಲ್ (ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಉಪಕರಣದ ಗುಂಡು). ಬಾಲ್ ನಡುವೆ ಇರಲಿ. ಎಡ ತಿರುವಿನಲ್ಲಿ ಅದು ಬಲಕ್ಕೆ ಓಡಿದ್ದರೆ ಎಡ ರಡ್ಡರ್ ಜಾಸ್ತಿಯಾಗಿದೆ ಎಂದರ್ಥ. ಬಾಲ್ ಯಾವ ಕಡೆ ಇದೆಯೋ ಆ ಕಾಲು ಒತ್ತಿ. ಸ್ಟಾಲ್ ಹತ್ತಿರವಿದೆ ಎಂದು ಎಚ್ಚರಿಸುವ ಹಾರ್ನ್ ಕೂಗಿದರೆ ಮೊದಲು ಯೋಕ್ ಮುಂದಕ್ಕೆ. ನೆಲ ಎದುರಿಗೆ ಕಾಣುವಾಗ ಇದನ್ನು ಮಾಡಲು ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಲೇಬೇಕು.

30 ಡಿಗ್ರಿಯಲ್ಲಿ ರನ್‌ವೇ ನೇರಕ್ಕೆ ಬರಲು ಆಗದಿದ್ದರೆ ಎಳೆದಾಡಬೇಡಿ, ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ. ರೆಕ್ಕೆ ಸಮ ಮಾಡಿ, ಪೂರ್ತಿ ಪವರ್ ಕೊಡಿ, ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ನಲ್ಲಿ ಹಿಮ ಕಟ್ಟದಂತೆ ಕೊಡುವ ಬಿಸಿಗಾಳಿ) ಹಾಕಿದ್ದರೆ ತೆಗೆಯಿರಿ. ಪವರ್ ಬಂದಾಗ ಮೂತಿ ತಾನೇ ಮೇಲೆದ್ದು ಎಡಕ್ಕೆ ಎಳೆಯುತ್ತದೆ. ಯೋಕ್ ಒತ್ತಿ ಹಿಡಿಯಿರಿ, ಬಲ ರಡ್ಡರ್ ಕೊಡಿ. ಫ್ಲಾಪ್‌ಗಳನ್ನು (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿಗಳು) ಹಂತ ಹಂತವಾಗಿ, ನಿಮ್ಮ ವಿಮಾನದ ಕೈಪಿಡಿ ಹೇಳಿದ ಕ್ರಮದಲ್ಲೇ ಏರಿಸಿ. ರೇಡಿಯೋ ಕಾಯುತ್ತದೆ. ವಿಮಾನ ಏರತೊಡಗಿದ ಮೇಲೆ ಹೇಳಿದರೆ ಸಾಕು. ಗೋ-ಅರೌಂಡ್ ಮಾಡಿದ ವಿದ್ಯಾರ್ಥಿಗೆ ನಾನು ಎಂದೂ ಅಂಕ ಕಡಿಮೆ ಕೊಟ್ಟಿಲ್ಲ.

ಒಬ್ಬರೇ ಹಾರುವ ಮೊದಲು ಇದನ್ನು ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಸಾಕಷ್ಟು ಎತ್ತರದಲ್ಲಿ ಅಭ್ಯಾಸ ಮಾಡಿ. ಒಂದು ಉದ್ದನೆಯ ರಸ್ತೆಯನ್ನು ರನ್‌ವೇ ಅಂತ ಇಟ್ಟುಕೊಳ್ಳಿ. ಗಾಳಿ ಬೆನ್ನಿಗಿರುವಂತೆ ಅದರ ಕಡೆ ಬಂದು, ಬೇಕೆಂದೇ ತಡವಾಗಿ ತಿರುಗಿ. ನಿಮ್ಮ ಕಾಲು ಆಗ ಏನು ಮಾಡಲು ಹೊರಡುತ್ತದೆ ಅಂತ ಗಮನಿಸಿ.