ಕಾಲು ಸ್ವಾಧೀನ ತಪ್ಪಿದ ನಾಯಿ: ಗಾಡಿ ಆಮೇಲೆ, ಮೊದ್ಲು ಉಚ್ಚೆ

ಸೊಂಟ ಮುರಿದ ನಾಯಿ ಅಂದ್ರೆ ಎಲ್ರಿಗೂ ನೆನಪಾಗೋದು ಎರಡು ಚಕ್ರದ ಗಾಡಿ, ರೀಲ್ಸಲ್ಲಿ ಅದನ್ನೇ ತಾನೇ ತೋರ್ಸೋದು. ನಾನು ಬೆಂಗಳೂರಿನ ಹೊರಗಡೆ ಒಂದು ಶೆಲ್ಟರಲ್ಲಿ ನಾಯಿ ನೋಡ್ಕೊಳ್ಳೋನು, ನಮ್ಮಲ್ಲಿ ಗಾಡಿ ಬರೋದು ಕೊನೆಗೆ, ಮೊದ್ಲು ಉಚ್ಚೆ ಮಾಡ್ಸೋದು ಕಲೀಬೇಕು. ನಗಬೇಡಿ. ನಾನು ನೋಡಿದ ಮಟ್ಟಿಗೆ ಇಂಥ ನಾಯಿಗಳು ಸಾಯೋದು ಬೆನ್ನುಮೂಳೆಯಿಂದ ಅಲ್ಲ, ಉಚ್ಚೆ ಕಟ್ಟಿ ಇನ್ಫೆಕ್ಷನ್ ಆಗಿ, ಇಲ್ಲಾ ಮಲಗಿ ಮಲಗಿ ಹುಣ್ಣಾಗಿ.

ನಮ್ಮಲ್ಲಿರೋ ಇಂಥ ಒಂದು ನಾಯಿ ಕೆಂಚ, ಅವನಿಗೆ ಹೈವೇಲಿ ಕಾರ್ ಹೊಡೆದಿತ್ತು. ತಂದ ಹುಡುಗ್ರು ಬುದ್ಧಿವಂತ್ರು, ಕಾಲು ಹಿಡಿದು ಎತ್ತದೆ ಗೋಣಿಚೀಲ ಸಮೇತ ಮೆಲ್ಲಗೆ ಹಲಗೆ ಮೇಲೆ ಎಳ್ಕೊಂಡು ಆಟೋದಲ್ಲಿ ತಂದಿದ್ರು. ನೋವಿಗೆ ಅಂತ ಮನುಷ್ಯರ ಮಾತ್ರೆನೂ ನುಂಗಿಸಿರ್ಲಿಲ್ಲ ಪುಣ್ಯಕ್ಕೆ, ಐಬುಪ್ರೊಫೆನ್ ಎಲ್ಲ ನಾಯಿಗೆ ವಿಷ.

ಡಾಕ್ಟ್ರು ಹಿಂಗಾಲಿನ ಬೆರಳನ್ನ ಫೋರ್ಸೆಪ್ಸಲ್ಲಿ ಗಟ್ಟಿಯಾಗಿ ಅದುಮಿದ್ರು, ಕಾಲು ಹಿಂದಕ್ಕೆ ಎಳ್ಕೊಳ್ತು, ನಾವೆಲ್ಲ ಖುಷಿಯಾದ್ವಿ. ಡಾಕ್ಟ್ರು ಮಾತ್ರ ಅವನ ಮುಖ ನೋಡ್ತಿದ್ರು. ಕಾಲು ಎಳ್ಕೊಳ್ಳೋದು ಬರೀ ರಿಫ್ಲೆಕ್ಸ್ ಅಂತೆ, ನೋವು ಮೆದುಳಿಗೆ ಮುಟ್ಟಿದ್ರೆ ನಾಯಿ ತಿರುಗಿ ನೋಡ್ಬೇಕು, ಕಿರುಚ್ಬೇಕು, ಕಚ್ಚೋಕಾದ್ರೂ ಬರ್ಬೇಕು. ಈ ಮಹಾಶಯ ಬಾಗಿಲ ಕಡೆ ನೋಡ್ಕೊಂಡು ಆರಾಮಾಗಿ ಮಲಗಿದ್ದ. ಎಕ್ಸ್‌ರೇಲೂ ಬೆನ್ನಿನ ಮೂಳೆ ಜರುಗಿತ್ತು, ಮತ್ತೆ ನಡೆಯೋ ಚಾನ್ಸ್ ತೀರಾ ಕಮ್ಮಿ ಅಂದ್ರು. ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡಿ ಅಂದೋರೂ ಇದ್ರು. ಅವರನ್ನ ಬೈಯಲ್ಲ ನಾನು, ದಿನಾ ಮಾಡೋ ಕೈ ಇಲ್ದಿದ್ರೆ ಅದೇ ಸರಿ.

ಮೊದಲ ಕೆಲವು ವಾರ ಕೇಜ್ ರೆಸ್ಟ್, ಅಂದ್ರೆ ಓಡಾಡದ ಹಾಗೆ ಗೂಡಲ್ಲೇ ಇಡೋದು. ಉಚ್ಚೆ ಕೆಲಸ ಮಾತ್ರ ಅವತ್ತಿಂದ್ಲೇ, ದಿನಕ್ಕೆ ಮೂರ್ನಾಲ್ಕು ಸಲ. ತೊಡೆ ಮುಂದೆ ಹೊಟ್ಟೆಯ ಎರಡೂ ಕಡೆ ಅಂಗೈ ಚಪ್ಪಟೆಯಾಗಿಟ್ಟು ಹುಡುಕಿದ್ರೆ ಮೂತ್ರಕೋಶ ನೀರು ತುಂಬಿದ ಬಲೂನ್ ತರ ಕೈಗೆ ಸಿಗುತ್ತೆ. ಬೆರಳ ತುದಿಯಿಂದ ಚುಚ್ಚಬಾರ್ದು. ಮೊದ್ಲು ಹೊಟ್ಟೆ ಬಿಗಿ ಹಿಡಿತಾನೆ, ಕಾಯ್ಬೇಕು, ಸಡಿಲ ಆದಾಗ ಬಾಲದ ಕಡೆಗೆ ನಿಧಾನಕ್ಕೆ ಒತ್ತುತ್ತಾ ಹೋಗ್ಬೇಕು, ಧಾರೆ ಶುರುವಾದ್ಮೇಲೆ ಖಾಲಿ ಆಗೋ ತನಕ ಕೈ ಬಿಡಬಾರ್ದು. ಜೋರು ಮಾಡಿದ್ರೆ ಒಳಗೆ ಒಡೆಯೋ ಅಪಾಯ ಇದೆ, ಅದಕ್ಕೇ ಇದನ್ನ ವಿಡಿಯೋ ನೋಡಿ ಕಲೀಬೇಡಿ, ಡಾಕ್ಟ್ರ ಹತ್ರ ಅವರ ಕೈ ಮೇಲೆ ಕೈ ಇಟ್ಟು ಕಲೀರಿ. ಇನ್ನೊಂದು, ತಾನಾಗೇ ತೊಟ್ಟಿಕ್ತಿದ್ಯಲ್ಲ ಸಾಕು ಅಂತ ಸುಮ್ನಾಗ್ತಾರೆ ಜನ, ಎಷ್ಟೋ ಸಲ ಅದು ತುಂಬಿ ತುಳುಕ್ತಿರೋದು. ಗಬ್ಬು ವಾಸನೆ ಬಂದ್ರೆ, ಮಬ್ಬಾಗಿದ್ರೆ ಯೂರಿನ್ ಟೆಸ್ಟ್.

ಹುಣ್ಣಾಗದೆ ಇರೋಕೆ ರೆಕ್ಸಿನ್ ಹೊದಿಸಿದ ದಪ್ಪ ಫೋಮ್ ಹಾಸೋದು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾಯ್ಸೋದು, ಒದ್ದೆ ಆದ ತಕ್ಷಣ ಒರೆಸೋದು. ಮಕ್ಕಳ ರ‍್ಯಾಶ್ ಕ್ರೀಮ್ ಬೇಡ, ಅದ್ರಲ್ಲಿರೋ ಜಿಂಕ್ ನಾಯಿ ನೆಕ್ಕಿದ್ರೆ ಕಷ್ಟ.

ಗಾಡಿ ನಮ್ಮ ಪ್ಲಂಬರೇ ಪಿವಿಸಿ ಪೈಪಲ್ಲಿ ಮಾಡಿಕೊಟ್ಟ, ಮಕ್ಕಳ ಸೈಕಲ್ ಚಕ್ರ ಹಾಕಿ. ಶುರುವಲ್ಲಿ ಹತ್ತು ನಿಮಿಷ ಅಷ್ಟೇ, ಅದ್ರಲ್ಲಿದ್ದಾಗ ಮಲಗೋಕಾಗಲ್ಲ, ಹಾಗಾಗಿ ಪಕ್ಕದಲ್ಲಿ ಯಾರಾದ್ರೂ ಇರ್ಲೇಬೇಕು. ಈಗ ಸಂಜೆ ಹೊತ್ತು ಗಾಡಿ ಸಮೇತ ಹಾಲಿನ ವ್ಯಾನ್ ಹಿಂದೆ ಗೇಟ್ ತನಕ ಓಡ್ತಾನೆ. ಗಾಡಿ ಇಲ್ದಿದ್ರೂ ಕಮ್ಮಿ ಇಲ್ಲ, ಕಾಲಿಗೆ ಹಳೇ ಸಾಕ್ಸ್ ಹಾಕ್ಕೊಂಡು ತೆವಳ್ಕೊಂಡೇ ಅಡುಗೆಮನೆಗೆ ನುಗ್ಗಿ ಚಿಕನ್ ಕದೀತಾನೆ. "ಇವನಿಗೆ ಕಾಲಿಲ್ಲ ಅಂತ ಯಾರಪ್ಪ ಹೇಳಿದ್ದು" ಅಂತ ಅಡುಗೆ ಅಕ್ಕ ದಿನಾ ಬೈತಾರೆ, ದಿನಾ ಒಂದು ಪೀಸ್ ಎತ್ತಿಟ್ಟಿರ್ತಾರೆ ಕೂಡ.

ಅಡಾಪ್ಟ್ ಮಾಡ್ತೀವಿ ಅಂತ ಫೋನ್ ಬರ್ತಾನೇ ಇರುತ್ತೆ. ಮೊದ್ಲು ಬಂದು ಉಚ್ಚೆ ಮಾಡ್ಸೋದು ಕಲ್ತು, ಒಂದು ವಾರ ನೀವೇ ಮಾಡಿ ಆಮೇಲೆ ಮಾತಾಡೋಣ ಅಂತೀನಿ. ಇಲ್ಲಿ ತನಕ ಯಾರೂ ವಾರ ಪೂರ್ತಿ ಮಾಡಿಲ್ಲ, ನಾವೂ ಅರ್ಜೆಂಟ್ ಮಾಡಿಲ್ಲ.