ತೀರ್ಥಹಳ್ಳಿ ಕಡೆ ಹಳೇ ಹಂಚಿನ ಮನೆ ಕೊಂಡ ಕ್ರಮ: ಪಹಣಿಯಿಂದ ಪಕಾಸಿಯವರೆಗೆ

ಮಲೆನಾಡಿನ ಮನೆಯನ್ನು ಎರಡು ಸಲ ನೋಡಬೇಕು. ಆಷಾಢದ ಮಳೆ ಹೊಯ್ಯುವಾಗ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಬಾವಿಯ ತಳ ಕಾಣುವಾಗ ಇನ್ನೊಮ್ಮೆ. ಮಾರುವವರು ಕರೆಯುವುದು ಮಾತ್ರ ದೀಪಾವಳಿ ಕಳೆದ ಮೇಲೆ. ಆಗ ಗುಡ್ಡ ಹಸಿರಾಗಿರುತ್ತದೆ, ಹಳ್ಳ ತುಂಬಿರುತ್ತದೆ, ಜಗಲಿಗೆ ಹೊಸ ಸುಣ್ಣ ಬಿದ್ದಿರುತ್ತದೆ. ನಾನು ಕೊಂಡದ್ದು ಅಡಿಕೆ ತೋಟದ ಅಂಚಿನ ಮಣ್ಣಿನ ಗೋಡೆಯ ಮನೆ, ಸುಮಾರು 1,200 ಚದರಡಿ, ಸುತ್ತ 30 ಗುಂಟೆ ಜಾಗ.

ಮನೆಯೊಳಗೆ ಕಾಲಿಡುವ ಮೊದಲೇ ಅದು ನಿಂತ ನೆಲ ಯಾವುದೆಂದು ಕೇಳಿದೆ. ಇಲ್ಲಿನ ಒಂಟಿಮನೆಗಳಲ್ಲಿ ಮೂರು ಬಗೆ. ಗ್ರಾಮಠಾಣದೊಳಗಿನ (ಊರಿನ ವಾಸದ ನೆಲದೊಳಗಿನ) ಮನೆಗೆ ಪಂಚಾಯಿತಿ ಖಾತೆ ಇರುತ್ತದೆ, ಇ-ಸ್ವತ್ತಿನ, ಅಂದರೆ ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆಯ, ನಮೂನೆಗಳು ಸಿಗುತ್ತವೆ. ಸರ್ಕಾರಿ ಜಾಗದಲ್ಲಿ ಕಟ್ಟಿ ಆಮೇಲೆ ಸಕ್ರಮ ಮಾಡಿಸಿದ್ದಾದರೆ ಭೂಕಂದಾಯ ಕಾಯ್ದೆಯ 94ಸಿ ಹಕ್ಕುಪತ್ರ ಇರುತ್ತದೆ. ಅದರ ಷರತ್ತುಗಳನ್ನು, ಮುಖ್ಯವಾಗಿ ಪರಭಾರೆಯ (ಬೇರೆಯವರಿಗೆ ಮಾರುವ, ಕೊಡುವ) ಷರತ್ತನ್ನು, ಓದದೆ ಮುಂಗಡ ಕೊಡಬಾರದು. ಮೂರನೆಯದೇ ಹೆಚ್ಚು: ಹಿಡುವಳಿ ತೋಟದ ಸರ್ವೆ ನಂಬರಿನೊಳಗೇ ತಲೆಮಾರುಗಳಿಂದ ನಿಂತ ಮನೆ. ಅದಕ್ಕೆ ಪಹಣಿಯೇ ದಾಖಲೆ. ಕೃಷಿ ಜಮೀನೆಂದೇ ನೋಂದಣಿಯಾಗುತ್ತದೆ, ಮನೆಯ ವಿವರ ಕ್ರಯಪತ್ರದ ಷೆಡ್ಯೂಲಿನಲ್ಲಿ ಬರಬೇಕು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರೂ ಇಂಥ ಜಾಗ ಕೊಳ್ಳಬಹುದು. ಆದರೆ ಭೂಪರಿವರ್ತನೆಯಾಗದ ನೆಲದ ಮನೆಗೆ ಗೃಹಸಾಲ ಸಿಗುವುದು ಕಷ್ಟ. ದುಡ್ಡಿನ ಲೆಕ್ಕ ಹಾಗೇ ಇಟ್ಟುಕೊಳ್ಳಿ.

ಪಹಣಿಯಲ್ಲಿ 9ನೇ ಕಲಮಿನ ಹೆಸರು ಎಲ್ಲರೂ ನೋಡುತ್ತಾರೆ. ನಾನು ಹೆಚ್ಚು ಹೊತ್ತು ಕೂತದ್ದು 11ನೇ ಕಲಮಿನ ಮೇಲೆ. ಸೊಸೈಟಿ ಸಾಲ, ಕೋರ್ಟಿನ ತಡೆ, ಬೇರೆಯವರ ಹಕ್ಕು ಎಲ್ಲ ಅಲ್ಲಿ ಬರುತ್ತದೆ. ಮೂಲ ಮಂಜೂರಾತಿ ಪರಿಶಿಷ್ಟ ಜಾತಿ, ಪಂಗಡದವರ ಹೆಸರಿಗೆ ಆಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ, 2023ರ ತಿದ್ದುಪಡಿಯ ನಂತರ ಕಾಲಮಿತಿಯ ನೆಪವೂ ಇಲ್ಲ. ಮೀಸಲು ಅರಣ್ಯ ಮಾಡುವ ಉದ್ದೇಶ ತಿಳಿಸುವ, ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಯಲ್ಲಿ ಆ ಸರ್ವೆ ನಂಬರು ಇದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿದೆ. "ಜೊತೆಗೆ ಮೂರೆಕರೆ ಸೊಪ್ಪಿನ ಬೆಟ್ಟ ಇದೆ" ಎಂದು ಬೆಲೆ ಏರಿಸಿದರೆ ಒಪ್ಪಬೇಡಿ. ಬೆಟ್ಟ ಸರ್ಕಾರದ್ದು. ತೋಟದವರಿಗೆ ಇರುವುದು ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಸವಲತ್ತು ಅಷ್ಟೆ.

ಋಣಭಾರ ಪತ್ರ 30 ವರ್ಷಕ್ಕೆ ತೆಗೆಸಿದೆ. ಇತ್ತೀಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಳೆಯದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಅರ್ಜಿ. ಪಿತ್ರಾರ್ಜಿತವಾದರೆ ವಂಶವೃಕ್ಷ ಹಿಡಿದು ಹೆಸರೆಣಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ 2005ರ ತಿದ್ದುಪಡಿಯ ಪ್ರಕಾರ ಸಮಪಾಲುದಾರರು. "ತಂಗಿಯವ್ರದ್ದು ಏನೂ ತಕರಾರಿಲ್ಲ ಮಾರಾಯ್ರೇ" ಎಂಬ ಮಾತು ಸಹಿ ಆಗುವುದಿಲ್ಲ. ಅವರೂ ಬಂದು ಕ್ರಯಪತ್ರಕ್ಕೆ ರುಜು ಹಾಕಲಿ.

ನಂತರ ಅಳತೆ. ದೊಡ್ಡ ಹಿಡುವಳಿಯಿಂದ ತುಂಡು ಕೊಳ್ಳುವುದಾದರೆ 11ಇ ನಕ್ಷೆ (ಆ ತುಂಡಿನ ಸರ್ವೆ ನಕ್ಷೆ) ಬೇಕು, ಇಡೀ ನಂಬರಾದರೆ ಹದ್ದುಬಸ್ತು (ಗಡಿ ಗುರುತಿಸುವ ಅಳತೆ) ಸಾಕು. ಭೂಮಾಪಕರು ಸರಪಳಿ ಎಳೆದಾಗ ಕೊಟ್ಟಿಗೆಯ ಮೂಲೆ 6 ಅಡಿಯಷ್ಟು ಹಳ್ಳದ ಬಿ ಖರಾಬಿನಲ್ಲಿ ಕೂತಿದ್ದು ಗೊತ್ತಾಯಿತು. ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ: ಎ ಖರಾಬು ಹಿಡುವಳಿದಾರರದ್ದು, ಬಿ ಖರಾಬು ಸಾರ್ವಜನಿಕರದ್ದು. ಅಷ್ಟು ಜಾಗವನ್ನು ಷೆಡ್ಯೂಲಿನಿಂದಲೂ ಬೆಲೆಯಿಂದಲೂ ಕಳೆಸಿದೆ. ದಾರಿಯನ್ನೂ ಅದೇ ದಿನ ನೋಡಿ. ಗ್ರಾಮನಕ್ಷೆಯಲ್ಲಿ ಗುರುತಿಲ್ಲದೆ ಪಕ್ಕದವರ ತೋಟದೊಳಗೆ ಹೋಗುವ ದಾರಿ ಅವರ ದಾಕ್ಷಿಣ್ಯದ ಮೇಲೆ ನಿಂತಿರುತ್ತದೆ. 10 ಅಡಿ ಅಗಲದ ದಾರಿ ಹಕ್ಕನ್ನು ನೋಂದಾಯಿಸಿಕೊಂಡ ಮೇಲೆಯೇ ಉಳಿದ ಹಣ ಕೊಟ್ಟೆ.

ಇಷ್ಟಾದ ಮೇಲೆ ಮನೆ. ಮಧ್ಯಾಹ್ನ ಅಟ್ಟ ಹತ್ತಿ, ಬಾಗಿಲು ಕಿಟಕಿ ಮುಚ್ಚಿಸಿ, ಕತ್ತಲಲ್ಲಿ ಐದು ನಿಮಿಷ ಸುಮ್ಮನೆ ಕೂತರೆ ಹಂಚಿನ ಸಂದಿಯ ಬೆಳಕು ತಾನಾಗಿ ಕಾಣುತ್ತದೆ. ಪ್ರತಿ ಬೆಳಕಿನ ಕೆಳಗಿನ ರೀಪು (ಹಂಚು ಕೂರುವ ಅಡ್ಡಪಟ್ಟಿ), ಪಕಾಸಿ (ರೀಪು ಹೊತ್ತ ಇಳಿಜಾರು ಮರ) ಮುಟ್ಟಿ ನೋಡಬೇಕು. ಸಣ್ಣ ಸ್ಕ್ರೂಡ್ರೈವರ್ ಒತ್ತಿದರೆ ಗಟ್ಟಿ ಮರ ಕಾಲಿಂಚೂ ಬಿಡುವುದಿಲ್ಲ; ಕುಟ್ಟೆ (ಮರ ಕೊರೆಯುವ ಹುಳ) ಹಿಡಿದದ್ದು ಬೆಣ್ಣೆಯ ಹಾಗೆ ಬಿಡುತ್ತದೆ. ಕೆಳಗೆ ಬಿದ್ದ ಪುಡಿ ಬಿಳಿಯಾಗಿ ಹಗುರಾಗಿದ್ದರೆ ಹುಳ ಇನ್ನೂ ತಿನ್ನುತ್ತಿದೆ, ಕಪ್ಪಾಗಿ ಗಟ್ಟಿಗಟ್ಟಿದ್ದರೆ ಹಳೆಯದು. ಮರ ಮೊದಲು ಕೆಡುವುದು ಎರಡು ಕಡೆ: ಸೂರಿನ ತುದಿಯಲ್ಲಿ ಮತ್ತು ಎರಡು ಮಾಡು (ಇಳಿಜಾರು ಛಾವಣಿ) ಕೂಡುವ ತಗ್ಗಿನ ತಗಡಿನಡಿ. ಎಲೆ ಕಸ ಕಟ್ಟಿಕೊಂಡು ನೀರು ಹಿಂದಕ್ಕೆ ಹತ್ತುವುದು ಅಲ್ಲೇ. 46 ಪಕಾಸಿಗಳಲ್ಲಿ 9 ಹೋಗಿದ್ದವು. ಪೂರ್ತಿ ಬಿಚ್ಚದೆ, ಪಕ್ಕಕ್ಕೆ ಹಲಸಿನ ಜೋಡುಮರ ಕೊಟ್ಟು ಬೋಲ್ಟ್ ಹಾಕಿಸಿದೆ. ಆ ಜೋಡುಮರ ಹಳೆಯದರ ಗಟ್ಟಿ ಭಾಗದ ಮೇಲೆ ಕನಿಷ್ಠ 3 ಅಡಿ ಹಾಯ್ದಿರಬೇಕು.

ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕು. ಈ ಮನೆಯ ಮಾಡು ಸೂರು ಸೇರಿ 1,800 ಚದರಡಿ, ಅಂದರೆ 2,500 ಹಂಚು, ಒಡೆಯುವುದಕ್ಕೆ ಇನ್ನೂರು ಜಾಸ್ತಿ. ಹಂಚಿನ ಬೆನ್ನಡಿ ಕಾರ್ಖಾನೆಯ ಅಚ್ಚು ಇರುತ್ತದೆ. ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲ, ಒಂದೇ ಇಳಿಜಾರಿಗೆ ಬೆರಸಬೇಡಿ. ಹಳೇ ಹಂಚು ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿದರೆ ಕಣ್ ಎನ್ನಬೇಕು. ನಾಲ್ಕೈದನ್ನು ತೂಗಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿದೆ. ಎರಡೂವರೆ ಕೆಜಿಯದು ಮೂರು ದಾಟಿದರೆ ಬಿಟ್ಟೆ. ರೀಪಿನ ಅಂತರ ಸುಮಾರು ಹನ್ನೆರಡೂವರೆ ಇಂಚು ಎನ್ನುತ್ತಾರೆ, ಆದರೆ ನಿಮ್ಮದೇ ಹಂಚು ಮೂರು ಜೋಡಿಸಿ ಗುರುತು ಹಾಕಿಸಿ. ಅರ್ಧ ಇಂಚು ಹೆಚ್ಚಾದರೆ ಗಾಳಿಮಳೆಯ ಎರಚಲು ಒಳಗೆ, ಕಡಿಮೆಯಾದರೆ ಹಂಚು ಮೇಲೆದ್ದು ಕೂರುತ್ತದೆ.

ಮನೆಯ ಹಿಂದಿನ ಧರೆಯನ್ನು, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯನ್ನು, ಮಳೆಯಲ್ಲೇ ನೋಡಬೇಕು. ಬುಡದಿಂದ ತಿಳಿನೀರು ಒಸರಿದರೆ ಅಷ್ಟು ಚಿಂತೆಯಿಲ್ಲ. ಕೆಂಪು ರಾಡಿ ಬಂದರೆ ಒಳಗಿನ ಮಣ್ಣು ಹೊರಟಿದೆ ಎಂದರ್ಥ. ಮೇಲೆ ಹತ್ತಿ ಬಿರುಕಿದೆಯೇ, ಮರಗಳು ಮನೆ ಕಡೆ ವಾಲಿವೆಯೇ ನೋಡಿ. ಇಲ್ಲಿ 12 ಅಡಿ ಧರೆ ಗೋಡೆಗೆ 5 ಅಡಿ ದೂರದಲ್ಲಿತ್ತು. ಧರೆಯ ತಲೆಯ ಮೇಲೆ ನೀರು ತಿರುಗಿಸುವ ಅಗಳು (ಕಾಲುವೆ), ಬುಡದಲ್ಲಿ ಒಂದೂವರೆ ಅಡಿ ಅಗಲದ ಚರಂಡಿ ಮಾಡಿಸಿದೆ. ಕಾರು ನಿಲ್ಲಿಸಲು ಜೆಸಿಬಿ ತರಿಸಿ ಧರೆ ನೆಟ್ಟಗೆ ಕಡಿಸುವುದು ಹೊಸಬರು ಮಾಡುವ ಮೊದಲ ಕೆಲಸ. ಕೊಡಗಿನ 2018ರ ಕುಸಿತಗಳಿಗೆ ಇಳಿಜಾರು ಕಡಿದದ್ದೂ ಒಂದು ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹೇಳಿತ್ತು.

ನೀರಿನ ಪರೀಕ್ಷೆ ಏಪ್ರಿಲ್‌ನಲ್ಲಿ. ಬಾವಿ 6 ಅಡಿ ವ್ಯಾಸದ್ದಾದರೆ 1 ಅಡಿ ನೀರು ಸುಮಾರು 800 ಲೀಟರ್. ಸಂಜೆ ಪಂಪಿನಿಂದ ತಗ್ಗಿಸಿ, ಹಗ್ಗಕ್ಕೆ ಗಂಟು ಹಾಕಿ, ಬೆಳಿಗ್ಗೆ ಮತ್ತೆ ಅಳೆದೆ: 12 ತಾಸಿಗೆ ಒಂದೂಕಾಲು ಅಡಿ, ಅಂದರೆ 1,000 ಲೀಟರ್. ನಾಲ್ಕು ಜನಕ್ಕೆ ಧಾರಾಳ, ತೋಟಕ್ಕೆ ಸಾಲದು. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರಿಗೆ ಬೆಲೆ ಕಟ್ಟಬೇಡಿ. ಮೂಲ ಕಾಡಿನಲ್ಲಿದ್ದರೆ ಯಾವ ಕಾಗದದಲ್ಲೂ ಅದು ನಿಮ್ಮದಲ್ಲ.

ನಾನು ಕೆಡಿಸಿಕೊಂಡದ್ದು ಬಚ್ಚಲ ಪಕ್ಕದ ಗೋಡೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದೆ. ನೆಲದಿಂದ ಏರಿದ ತೇವ ಹೊರಹೋಗಲಾಗದೆ ಒಳಗೇ ನಿಂತು, ಮುಂದಿನ ಮಳೆಗಾಲಕ್ಕೆ ಗಿಲಾವು ಮಣ್ಣಿನ ಸಮೇತ ಹಲಗೆಯಂತೆ ಕಳಚಿಬಿತ್ತು. 3 ಅಡಿ ಎತ್ತರದವರೆಗೆ ಕೆತ್ತಿ ತೆಗೆದು, ಎರಡು ವಾರ ನೆನೆಸಿದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲು ಕಲಸಿ, ಎರಡು ಕೋಟ್ ತೆಳುವಾಗಿ ಹಚ್ಚಿಸಿದೆ. ಗೋಣಿ ಒದ್ದೆ ಮಾಡಿ ಹತ್ತು ದಿನ ನೆರಳಲ್ಲಿ ಒಣಗಲು ಬಿಡಬೇಕು. ಅವಸರ ಮಾಡಿದರೆ ಕೂದಲು ಬಿರುಕು ಬರುತ್ತದೆ.

ಖರ್ಚಿನಲ್ಲಿ ಮರೆಯುವುದು ನೋಂದಣಿಯದು. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು, ಜೊತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2%. ಒಟ್ಟು ಏಳೂವರೆಗೆ ತುಸು ಮೇಲೆ. ಮ್ಯುಟೇಶನ್ ಆಗಿ ಪಹಣಿಯಲ್ಲಿ ಹೆಸರು ಬಂದ ಮೇಲೆ ಮೆಸ್ಕಾಂನ ಕರೆಂಟ್ ಮೀಟರನ್ನೂ ಹೆಸರಿಗೆ ಮಾಡಿಸಿಕೊಳ್ಳಿ. ಹಂಚು ಕೈಯಾಡಿಸುವವರಿಗೆ (ಮಳೆಗೆ ಮೊದಲು ಹಂಚು ಸರಿಪಡಿಸುವವರಿಗೆ) ಯುಗಾದಿಗೇ ಹೇಳಿಟ್ಟಿರಿ. ಮೇ ಬಂತೆಂದರೆ ಅವರು ಯಾರ ಮಾಡಿನ ಮೇಲಿರುತ್ತಾರೋ, ಫೋನಿಗೂ ಸಿಗುವುದಿಲ್ಲ.