ಸುಟ್ಟುಹೋದ ಗಣತಿಯಲ್ಲಿ ಮುತ್ತಜ್ಜನನ್ನು ಹುಡುಕುವುದು ಹೇಗೆ?

ಬೆಂಗಳೂರು ದಂಡಿನಲ್ಲೋ ಕೆಜಿಎಫ್‌ನಲ್ಲೋ ಬೆಳೆದ ಆಂಗ್ಲೋ ಇಂಡಿಯನ್ ಮನೆತನಗಳಲ್ಲಿ ಕೆಲವಕ್ಕೆ ಐರ್ಲೆಂಡಿನ ಬೇರಿದೆ. ಸಿಪಾಯಿಯಾಗಿ ಬಂದ ಮುತ್ತಜ್ಜನ ಊರು ಯಾವುದು ಅಂತ ಹುಡುಕಲು ಕೂತರೆ ಮೊದಲು ಎದುರಾಗುವುದೇ ಬೂದಿ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭಂಡಾರ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳಲ್ಲಿ ಉಳಿದದ್ದು ಚೂರುಪಾರು. 1861ರಿಂದ 1891ರವರೆಗಿನದನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿತ್ತು.

ಹಾಗಂತ ಕೈಚೆಲ್ಲಬೇಡಿ. ಸುಡುವ ಮೊದಲು ಅದನ್ನು ಯಾರು ನಕಲು ಮಾಡಿಕೊಂಡಿದ್ದರು ಅಂತ ಹುಡುಕಬೇಕು, ಅಷ್ಟೇ.

ಮೊದಲು 1901 ಮತ್ತು 1911ರ ಗಣತಿ ನೋಡಿ. ಎರಡೂ ಉಳಿದಿವೆ. ಐರ್ಲೆಂಡ್ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ದುಡ್ಡು ಕೊಡದೆ ಓದಬಹುದು. ನಿಮ್ಮ ಮುತ್ತಜ್ಜ ಅದರಲ್ಲಿ ಇರಲಾರರು, ಆಗಲೇ ಇಂಡಿಯಾಕ್ಕೆ ಬಂದಿದ್ದರಲ್ವಾ? ಊರಲ್ಲೇ ಉಳಿದ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಹುಡುಕಿ. ಅವರ 'ಟೌನ್‌ಲ್ಯಾಂಡ್' (ಅಲ್ಲಿನ ನೆಲದ ಅತಿ ಚಿಕ್ಕ ವಿಭಾಗ) ಹೆಸರು ಬರೆದಿಟ್ಟುಕೊಳ್ಳಿ. ಅದು ನಮ್ಮ ಹಳ್ಳಿಗಿಂತಲೂ ಚಿಕ್ಕದಿರಬಹುದು, ಆದರೆ ಮುಂದಿನ ಎಲ್ಲ ಹುಡುಕಾಟಕ್ಕೂ ಅದೇ ಬೀಗದ ಕೈ. ಓ'ಬ್ರಿಯನ್‌ನಂಥ ಮನೆಹೆಸರಿನ ಮುಂದಿನ 'ಓ' ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಎರಡೂ ರೀತಿ ಹುಡುಕಿ.

1901ರಲ್ಲಿ 58 ಅಂತಿದ್ದ ಅಜ್ಜಿಗೆ 1911ರಲ್ಲಿ 71 ಆಗಿದ್ದರೆ ಗಾಬರಿಯಾಗಬೇಡಿ. ಅಲ್ಲೇ ಒಂದು ದಾರಿ ಇದೆ. 1908ರ ಕಾನೂನಿನಂತೆ 70 ತುಂಬಿದವರಿಗೆ ಪಿಂಚಣಿ ಬಂತು, ಆದರೆ ವಯಸ್ಸಿಗೆ ಪುರಾವೆ ಬೇಕಿತ್ತು. ಅವರು ಹುಟ್ಟಿದಾಗ ಜನನ ನೋಂದಣಿಯೇ ಇರಲಿಲ್ಲ, ಅದು ಎಲ್ಲರಿಗೂ ಶುರುವಾದದ್ದು 1864ರಲ್ಲಿ. ನಮ್ಮ ಹಿರಿಯರು 'ಪ್ಲೇಗ್ ಬಂದ ವರ್ಷ ಹುಟ್ಟಿದ್ದು' ಅನ್ನುವ ಹಾಗೆ ಅಲ್ಲಿನವರು 1839ರ ಜನವರಿಯ ಬಿರುಗಾಳಿ ರಾತ್ರಿಯನ್ನು ನೆನಪಿಸುತ್ತಿದ್ದರು. ಅದು ಸಾಲದಿದ್ದಾಗ 1841, 1851ರ ಗಣತಿ ಪುಸ್ತಕ ತೆಗೆಸಿ ವಯಸ್ಸು ನೋಡಿಸುತ್ತಿದ್ದರು. ಹಾಗೆ ಹುಡುಕಿಸಿದ ಅರ್ಜಿಗಳು ಉಳಿದುಕೊಂಡಿವೆ!

ಇವೂ ಅದೇ ಪತ್ರಾಗಾರದ ತಾಣದಲ್ಲಿವೆ. ಒಂದು ಅರ್ಜಿ ತೆರೆದು ನಿಧಾನವಾಗಿ ಓದಿ. ಅರ್ಜಿದಾರರ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜೊತೆಗೆ ತಾಯಿಯ ತವರಿನ ಮನೆಹೆಸರು, ಟೌನ್‌ಲ್ಯಾಂಡ್, ಪ್ಯಾರಿಷ್ (ನಮ್ಮ ಹೋಬಳಿಯಂಥದ್ದು), ಕೌಂಟಿ (ಜಿಲ್ಲೆಯಂಥದ್ದು). ಕೆಳಗೆ ಗುಮಾಸ್ತ ಗಣತಿಯಿಂದ ಎತ್ತಿ ಬರೆದ ಸಾಲು. ಎಷ್ಟೋ ಸಲ ಮನೆಮಂದಿಯ ಹೆಸರು, ವಯಸ್ಸು ಸಹ ಇರುತ್ತದೆ. ಪಿಂಚಣಿ ಕೇಳಿದ್ದು ತಂಗಿ, ಆದರೆ ಅದೇ ಪಟ್ಟಿಯಲ್ಲಿ ಹತ್ತು ವರ್ಷದ ಹುಡುಗನಾಗಿ ನಿಮ್ಮ ಮುತ್ತಜ್ಜ ಸಿಗಬಹುದು.

ಆಮೇಲೆ ಉಳಿದ ಚೂರುಗಳತ್ತ ಬನ್ನಿ. 1821ರದ್ದು ಕ್ಯಾವನ್, ಗಾಲ್ವೇ ಮುಂತಾದ ಕಡೆಯದು ಸ್ವಲ್ಪ, 1851ರದ್ದು ಆಂಟ್ರಿಮ್‌ನ ಒಂದಿಷ್ಟು ಉಳಿದಿದೆ. ಬೆಂಕಿಗೆ ನೂರು ವರ್ಷ ತುಂಬಿದ 2022ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮುಂದಾಳತ್ವದಲ್ಲಿ ಶುರುವಾದ 'ವರ್ಚುವಲ್ ರೆಕಾರ್ಡ್ ಟ್ರೆಶರಿ'ಯಲ್ಲೂ ಹುಡುಕಿ. ಬೇರೆ ಬೇರೆ ಕಡೆ ಉಳಿದಿದ್ದ ನಕಲುಗಳನ್ನು ಅಲ್ಲಿ ಒಟ್ಟುಗೂಡಿಸುತ್ತಿದ್ದಾರೆ.

ಕೆಲವು ಅರ್ಜಿಗಳ ಮೇಲೆ 'ಸಿಗಲಿಲ್ಲ' ಅಂತ ಬರೆದಿರುತ್ತದೆ. ಅದನ್ನೂ ಇಳಿಸಿಕೊಂಡು ಇಟ್ಟುಕೊಳ್ಳಿ. ಗುಮಾಸ್ತನಿಗೆ ಮನೆ ಸಿಗದಿದ್ದರೂ, ಆ ಮುದುಕಿ ಹೇಳಿ ಬರೆಸಿದ ಅಪ್ಪ, ಅಮ್ಮನ ಹೆಸರು ಮೇಲಿನ ಸಾಲಿನಲ್ಲಿ ಹಾಗೇ ಇದೆ.